ಕರೆಂಟಿನ ರೇಟು, ಪಂಪಿಲ್ಲದವನ ಲೆಕ್ಕ

ಕರೆಂಟಿನ ರೇಟು ಏರಿದರೆ ದೇಶದ ಬೆಳವಣಿಗೆಗೆ ಏಟು ಅನ್ನುತ್ತಾರೆ. ನಾನು ಮಳೆ ನಂಬಿ ಜೋಳ, ತೊಗರಿ ಬೆಳೆಯುವವ. ಬೋರ್‌ವೆಲ್ ಇಲ್ಲ. ಆದರೂ ನನಗೇನು ಸಂಬಂಧ ಅನ್ನುವ ಹಾಗಿಲ್ಲ. ತೊಗರಿ ಬೇಳೆಯಾಗುವುದು ಮಿಲ್ಲಿನಲ್ಲಿ. ಮಿಲ್ಲಿನವನ ಬಿಲ್ಲು ಏರಿದರೆ ಬೇಳೆಯ ದರ ಏರಿಸಬೇಕು, ಇಲ್ಲವೇ ನನ್ನ ತೊಗರಿಗೆ ಕೊಡುವ ದರ ಇಳಿಸಬೇಕು. ಎರಡನೆಯದೇ ಅವನಿಗೆ ಸಲೀಸು.

ಕೆಲವು ಕಾರ್ಖಾನೆಗೆ ಕರೆಂಟೇ ಕಚ್ಚಾ ಮಾಲು. ಒಂದು ಕಿಲೋ ಅಲ್ಯುಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ಬೇಕು. ದರ ತಾಳದಿದ್ದರೆ ಅಂಥವರು ಬೇರೆ ಕಡೆ ಹೋಗುತ್ತಾರೆ, ನಮ್ಮ ಹುಡುಗರ ಕೆಲಸವೂ ಹೋಗುತ್ತದೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಗಿರಣಿ, ಕಾರ್ಖಾನೆಗಳು ಆಮೇಲೆ ಬೆಳೆದವು.

ಹಾಗಂತ ಪುಕ್ಕಟೆ ಕೊಟ್ಟರೆ ಮುಗಿಯಲಿಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಬಿಲ್ಲಿಲ್ಲ. ಆ ದುಡ್ಡನ್ನು ಸರ್ಕಾರ ವಿದ್ಯುತ್ ಕಂಪನಿಗೆ ಕಟ್ಟಬೇಕು. ತಡವಾದರೆ ಕಂಪನಿ ಸಾಲ ಮಾಡುತ್ತದೆ, ಟಿಸಿ ರಿಪೇರಿ ಹಿಂದೆ ಬೀಳುತ್ತದೆ. ಸಾಲದ್ದಕ್ಕೆ ಎಷ್ಟೋ ವರ್ಷ ಕಾರ್ಖಾನೆ, ಅಂಗಡಿಗಳಿಗೆ ತಗಲುವ ಖರ್ಚಿಗಿಂತ ಹೆಚ್ಚು ದರ ಹಾಕಿ ಕೊರತೆ ತುಂಬಿಸಿದರು. ಆ ಹೆಚ್ಚುವರಿ ಪೈಪು, ಸಿಮೆಂಟಿನ ಬೆಲೆಯೊಳಗೆ ಸೇರಿ ನನ್ನ ಹತ್ತಿರವೂ ಬಂತು. ಪಂಪಿಲ್ಲದವನೂ ಪಂಪಿನ ಬಿಲ್ಲು ಕಟ್ಟಿದ ಹಾಗೆ!

ಪಂಪಿಗೆ ಮೀಟರು ಹಾಕಿ, ಸಬ್ಸಿಡಿಯನ್ನು ರೈತನ ಕೈಗೇ ಕೊಡಲಿ ಅಂದರೆ ಬೋರ್ ಇರುವ ನನ್ನ ನೆಂಟರು ಸಿಟ್ಟಾಗುತ್ತಾರೆ. ಇಂದು ಮೀಟರು ಬಂದರೆ ನಾಳೆ ಬಿಲ್ಲೂ ಬರುತ್ತದೆ ಅಂತ ಅವರ ಭಯ. ಅದು ಸುಳ್ಳು ಅಂತ ನಾನೂ ಹೇಳಲಾರೆ.