ಇಂಗಾಲ ತೆಗೆಯುವ ಉದ್ಯಮ: ಮೊದಲು ವ್ಯಾಖ್ಯೆ, ಆಮೇಲೆ ನೆರವು

ಸೇವೆಯ ಆರಂಭದ ವರ್ಷಗಳಲ್ಲಿ ನಾನಿದ್ದ ಜಿಲ್ಲೆಯೊಂದರಲ್ಲಿ ಪ್ರತಿ ಮಳೆಗಾಲದ ನಂತರ ಸಸಿ ನೆಟ್ಟ ವರದಿ ನನ್ನ ಮೇಜಿಗೆ ಬರುತ್ತಿತ್ತು. ನೆಟ್ಟ ಸಸಿಗಳ ಸಂಖ್ಯೆಗೆ ಒಂದು ಕಾಲಂ ಇತ್ತು; ಬದುಕಿ ಉಳಿದವುಗಳಿಗೆ ಇರಲಿಲ್ಲ. ಒಮ್ಮೆ ಗುಡ್ಡಕ್ಕೇ ಹೋಗಿ ನೋಡಿದಾಗ, ಮೂರು ವರ್ಷ ಅವೇ ಗುಂಡಿಗಳಲ್ಲಿ ಮೂರು ಸಲ ಸಸಿ ನೆಟ್ಟಿದ್ದರೆಂಬುದು ತಿಳಿಯಿತು. ಕಾಗದದ ಮೇಲೆ ಮೂರೂ ವರ್ಷಗಳ ಲೆಕ್ಕ ಸರಿಯಾಗಿಯೇ ಇತ್ತು. ಅದರ ಕೆಳಗೆ ನನ್ನ ಸಹಿಯೂ ಇತ್ತು.

ಆ ಗುಂಡಿಗಳು ಈಗ ನೆನಪಾಗಲು ಕಾರಣ, ಜಗತ್ತಿನಲ್ಲಿ ತಲೆಯೆತ್ತುತ್ತಿರುವ ಒಂದು ಹೊಸ ಉದ್ಯಮ. ವಾತಾವರಣದಲ್ಲಿ ಈಗಾಗಲೇ ಸೇರಿಹೋಗಿರುವ ಇಂಗಾಲದ ಡೈಆಕ್ಸೈಡನ್ನು ಹೊರತೆಗೆದು, ದೀರ್ಘಕಾಲ ಮರಳಿ ಬಾರದಂತೆ ಬಂಧಿಸಿಟ್ಟು, ಟನ್ನಿಗೆ ಇಷ್ಟೆಂದು ಮಾರುವುದು ಅದರ ಕಸುಬು. ಕೊಳ್ಳುವವನು ಸರಕನ್ನು ಎಂದೂ ಕಣ್ಣಾರೆ ನೋಡುವುದಿಲ್ಲ, ಮನೆಗೂ ಒಯ್ಯುವುದಿಲ್ಲ. ಅವನ ಕೈಗೆ ಸಿಗುವುದು ಒಂದು ಪ್ರಮಾಣಪತ್ರ ಮಾತ್ರ. ಇಂಥ ಪೇಟೆಯಲ್ಲಿ ಸರಕಿನ ವ್ಯಾಖ್ಯೆಯೇ ಸರಕು.

ಉಗುಳುವುದನ್ನು ಕಡಿಮೆ ಮಾಡುವುದು ಬೇರೆ, ಉಗುಳಿದ್ದನ್ನು ತೆಗೆಯುವುದು ಬೇರೆ. ಸೌರ ವಿದ್ಯುತ್ ಸ್ಥಾವರವು ಸುಡಬೇಕಿದ್ದ ಕಲ್ಲಿದ್ದಲನ್ನು ಉಳಿಸುತ್ತದೆ. ಉಷ್ಣ ಸ್ಥಾವರದ ಚಿಮಣಿಯಲ್ಲೇ ಹೊಗೆಯನ್ನು ಹಿಡಿದು ನೆಲದಡಿ ಹೂಳಿದರೆ ಹೊಸ ಮಾಲಿನ್ಯ ತಪ್ಪುತ್ತದೆ. ಇವೆರಡೂ ಹೊಸ ಸಾಲ ಮಾಡದಿರುವ ಸಂಯಮ. ಗಾಳಿಯಲ್ಲಿರುವ ಹಳೆಯ ಇಂಗಾಲವನ್ನು ತೆಗೆಯುವುದು ಅಸಲು ತೀರಿಸುವ ಕೆಲಸ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2022ರ ವರದಿಯಲ್ಲಿ, ನಿವ್ವಳ ಶೂನ್ಯವನ್ನು ಮುಟ್ಟಬೇಕಾದರೆ ವಿಮಾನಯಾನ, ಸಿಮೆಂಟ್, ಕೃಷಿಯಂಥ ಕ್ಷೇತ್ರಗಳಲ್ಲಿ ಉಳಿದುಹೋಗುವ ಹೊರಸೂಸುವಿಕೆಯನ್ನು ಸರಿದೂಗಿಸಲು ಈ ಎರಡನೆಯ ಕೆಲಸ ಅನಿವಾರ್ಯವೆಂದು ಹೇಳಿತು.

ನಮ್ಮಲ್ಲಿ ಈ ಭೇದ ಇನ್ನೂ ಗಟ್ಟಿಗೊಂಡಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯು ಕ್ರೆಡಿಟ್ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಕಡಿತ, ತೆಗೆಯುವಿಕೆ, ತಪ್ಪಿಸುವಿಕೆ ಮೂರೂ ಒಂದೇ ಸಾಲಿನಲ್ಲಿ ಕುಳಿತಿವೆ. ಮೂರಕ್ಕೂ ಒಂದು ಟನ್ನಿಗೆ ಒಂದು ಕ್ರೆಡಿಟ್. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ: ಬೆಲೆ ಒಂದೇ ಆದಾಗ ಅಗ್ಗದ ಸರಕು ದುಬಾರಿ ಸರಕನ್ನು ಪೇಟೆಯಿಂದ ಓಡಿಸುತ್ತದೆ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ನಿಯಮಾವಳಿ ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದೆ. ಹಲವು ಶತಮಾನ ಉಳಿಯುವ ಶಾಶ್ವತ ತೆಗೆಯುವಿಕೆ, ಹೊಲ-ಕಾಡುಗಳಲ್ಲಿನ ತಾತ್ಕಾಲಿಕ ಸಂಗ್ರಹ, ಕಟ್ಟಡದ ಮರದಂಥ ವಸ್ತುಗಳಲ್ಲಿನ ಸಂಗ್ರಹ, ಇವನ್ನು ಅದು ಬೇರೆ ಬೇರೆಯಾಗಿ ಹೆಸರಿಸಿದೆ. ಶಾಶ್ವತವಾಗಿ ಕಾಪಿಡಬೇಕಾದ ಕಡತ ಯಾವುದು, ಕೆಲವು ವರ್ಷಗಳ ನಂತರ ನಾಶಪಡಿಸಬಹುದಾದ ಕಡತ ಯಾವುದು ಎಂದು ನಮ್ಮ ಕಚೇರಿಗಳು ವಿಂಗಡಿಸುವುದಿಲ್ಲವೇ?

ಉದ್ಯಮ ಇನ್ನೂ ತೊಟ್ಟಿಲಲ್ಲಿದೆ. ಐಸ್‌ಲ್ಯಾಂಡಿನಲ್ಲಿ 2021ರಲ್ಲಿ ಆರಂಭವಾದ ‘ಓರ್ಕಾ’ ಎಂಬ ಘಟಕವು ಫ್ಯಾನುಗಳಿಂದ ಗಾಳಿಯನ್ನೆಳೆದು, ಇಂಗಾಲವನ್ನು ಸೋಸಿ, ನೆಲದಡಿಯ ಬಸಾಲ್ಟ್ ಶಿಲೆಗೆ ಇಳಿಸುತ್ತದೆ. ಅದರ ಘೋಷಿತ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಜಗತ್ತು ಅಷ್ಟನ್ನು ಮೂರು-ನಾಲ್ಕು ಸೆಕೆಂಡುಗಳಲ್ಲಿ ಉಗುಳುತ್ತದೆ! ಟನ್ನಿಗೆ ಬೀಳುವ ವೆಚ್ಚವೋ ನೂರಾರು ಡಾಲರ್. ಮಾಲಿನ್ಯಕಾರರಿಗೆ ಇದೊಂದು ನೆಪವಾದೀತು ಎನ್ನುವವರ ಆತಂಕವನ್ನು ನಾನು ತಳ್ಳಿಹಾಕಲಾರೆ. ಕಡಿತಕ್ಕೊಂದು, ತೆಗೆಯುವಿಕೆಗೊಂದು ಪ್ರತ್ಯೇಕ ಗುರಿ ಇರಬೇಕೆನ್ನುವುದು ಅದಕ್ಕಾಗಿಯೇ.

ನಮಗೆ ಹತ್ತಿರದ ದಾರಿ ಫ್ಯಾನಿನದಲ್ಲ, ಕಲ್ಲಿನದು. ಬಸಾಲ್ಟ್ ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಹೊಲಕ್ಕೆ ಎರಚಿದರೆ, ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ಆ ಪುಡಿಯೊಡನೆ ವರ್ತಿಸಿ ಬೈಕಾರ್ಬೊನೇಟ್ ಆಗುತ್ತದೆ. ನದಿಯ ಮೂಲಕ ಸಮುದ್ರ ಸೇರಿ ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಪುಡಿಯಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೆಳೆಗೂ ದಕ್ಕುತ್ತವೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಇದೇ ಕೆಲಸ ಮಾಡುತ್ತಿದ್ದ ‘ಮಾಟಿ ಕಾರ್ಬನ್’ ಸಂಸ್ಥೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಮೊದಲ ಬಹುಮಾನ ಗೆದ್ದಿತು. ಬೆಳಗಾವಿಯಿಂದ ಬೀದರ್‌ವರೆಗೆ ನಮ್ಮ ಉತ್ತರ ಜಿಲ್ಲೆಗಳು ಕುಳಿತಿರುವುದು ಬಹುಪಾಲು ಇದೇ ದಖ್ಖನ್ ಬಸಾಲ್ಟಿನ ಮೇಲೆ.

ಆದರೆ ಲೆಕ್ಕ ಇಲ್ಲಿಯೇ ಜಾರುತ್ತದೆ. ಕ್ಷಾರಗುಣದ ಕಪ್ಪು ಮಣ್ಣಿನಲ್ಲಿ ಪುಡಿ ನಿಧಾನವಾಗಿ ಕರಗುತ್ತದೆ. ಆಮ್ಲಗುಣದ ಮಲೆನಾಡಿನ ಮಣ್ಣಿಗೆ ಸಾಗಿಸಿದರೆ ಲಾರಿಯ ಡೀಸೆಲ್ಲನ್ನು ಕಳೆಯಬೇಕು. ಗೊಬ್ಬರದಿಂದ ಹುಟ್ಟಿದ ನೈಟ್ರಿಕ್ ಆಮ್ಲವೇ ಕಲ್ಲನ್ನು ಕರಗಿಸಿದರೆ ಗಾಳಿಯ ಇಂಗಾಲ ಇಳಿಯುವುದಿಲ್ಲ, ಕಲ್ಲು ಮಾತ್ರ ಖರ್ಚಾಗುತ್ತದೆ. ಕೆಲವು ಶಿಲೆಗಳಲ್ಲಿ ನಿಕ್ಕಲ್, ಕ್ರೋಮಿಯಂ ಅಂಶವೂ ಇರುವುದರಿಂದ ಮಣ್ಣಿನ ಪರೀಕ್ಷೆ ತಪ್ಪದು. ಎರಚಿದ ಪುಡಿಯ ಟನ್ನುಗಳನ್ನಷ್ಟೇ ಎಣಿಸುವುದೆಂದರೆ ನೆಟ್ಟ ಸಸಿಗಳನ್ನು ಎಣಿಸಿದಂತೆಯೇ.

ಹಾಗಾದರೆ ಸರ್ಕಾರ ನೆರವಾಗುವ ಬಗೆ ಹೇಗೆ? ಬಂಡವಾಳ ಸಹಾಯಧನ ಕೊಟ್ಟು ಯಂತ್ರಗಳಿಗೆ ರಿಬ್ಬನ್ ಕತ್ತರಿಸುವುದು ನಮಗೆ ರೂಢಿ. ಅದಕ್ಕಿಂತ ಉತ್ತಮವಾದ ಮಾದರಿಯೊಂದು ಲಸಿಕೆಗಳಲ್ಲಿದೆ. ಬಡ ದೇಶಗಳ ಮಕ್ಕಳಿಗೆ ನ್ಯುಮೋಕಾಕಲ್ ಲಸಿಕೆ ತಯಾರಾಗಲೆಂದು 2009ರಲ್ಲಿ ಕೆಲವು ದೇಶಗಳು ಮತ್ತು ಗೇಟ್ಸ್ ಪ್ರತಿಷ್ಠಾನ 150 ಕೋಟಿ ಡಾಲರಿನ ಮುಂಗಡ ಖರೀದಿ ವಾಗ್ದಾನ ನೀಡಿದ್ದವು. ಮಾಲು ಕೊಟ್ಟವರಿಗೆ ಮಾತ್ರ ಹಣ. ಇಂಗಾಲದ ವಿಷಯದಲ್ಲಿ 2022ರಲ್ಲಿ ಸ್ಟ್ರೈಪ್, ಆಲ್ಫಬೆಟ್ ಮೊದಲಾದ ಕಂಪನಿಗಳು ‘ಫ್ರಾಂಟಿಯರ್’ ಹೆಸರಿನಲ್ಲಿ 92.5 ಕೋಟಿ ಡಾಲರಿನ ಅಂಥದೇ ವಾಗ್ದಾನ ಮಾಡಿದವು. ನಮ್ಮ ಸರ್ಕಾರವೂ ಸಣ್ಣ ಮೊತ್ತವೊಂದನ್ನು ತೆಗೆದಿಟ್ಟು, ಶಾಶ್ವತ ತೆಗೆಯುವಿಕೆಗೆ ಪ್ರತ್ಯೇಕ ಪ್ರಮಾಣಪತ್ರ ರೂಪಿಸಿ, ಅಳತೆಯಾದ ಮೇಲೆಯೇ ಹಣ ಪಾವತಿಸಬಹುದು. ಅಳೆಯುವ ಹೊಣೆ ಮಾರುವವನದಾಗಬಾರದು. ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿಗೆ ವಹಿಸಲಿ.

ರೈತನ ಪಾಲಿನ ಪ್ರಶ್ನೆ ಉಳಿಯಿತು. ಪುಡಿ ಉಚಿತವಾಗಿ ಸಿಕ್ಕಿ ಇಳುವರಿ ಏರಿದರೆ ಅವನು ಸಂತುಷ್ಟನೇ ಇರಬಹುದು. ಆದರೂ ಅವನ ಹೊಲದ ಹೆಸರಿನಲ್ಲಿ ಎಷ್ಟು ಟನ್ ಮಾರಾಟವಾಯಿತು, ಯಾವ ದರಕ್ಕೆ ಎಂಬುದು ಅವನಿಗೆ ತಿಳಿಯಬೇಕು. ಒಂದೇ ಸರ್ವೆ ನಂಬರನ್ನು ಇಬ್ಬರು ವ್ಯಾಪಾರಿಗಳು ಎರಡು ಕಡೆ ಮಾರದಂತೆಯೂ ನೋಡಿಕೊಳ್ಳಬೇಕು. ನಮ್ಮ ‘ಭೂಮಿ’ ಗಣಕ ವ್ಯವಸ್ಥೆಯಲ್ಲಿ ಪಹಣಿಗಳೆಲ್ಲ ಈಗಾಗಲೇ ಇವೆ. ಅದರಲ್ಲಿ ಕಲ್ಲುಪುಡಿ ಹಾಕಿದ ವರ್ಷ, ಪ್ರಮಾಣ ಮತ್ತು ಅಳತೆ ಮಾಡಿದ ಫಲಿತಾಂಶಕ್ಕೆ ಒಂದು ಕಾಲಂ ಸೇರಿಸಲು ದೊಡ್ಡ ಹಣವೇನೂ ಬೇಕಾಗದು.