ಕಟ್ಟಡ ಕೊಳ್ಳುವ ಮುನ್ನ ಲಿಫ್ಟ್ ತಪಾಸಣೆ: ಖರೀದಿದಾರರು ತಿಳಿದಿರಬೇಕಾದ ವಿಷಯಗಳು



ಆಲಮೇಲ, ಸಿಂದಗಿ, ಇಂಡಿ ಭಾಗದ ನಮ್ಮ ಕುಟುಂಬಗಳು ಮಕ್ಕಳ ಶಿಕ್ಷಣಕ್ಕೆ, ವ್ಯಾಪಾರಕ್ಕೆ ಎಂದು ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಲ್ಲಿ ಕಟ್ಟಡ ಕೊಳ್ಳುತ್ತವೆ. ಸಮಾಜದ ಭವನಕ್ಕೆ, ವಿದ್ಯಾರ್ಥಿ ನಿಲಯಕ್ಕೆ ಎಂದು ತಯಾರಾದ ಕಟ್ಟಡವನ್ನೇ ಖರೀದಿಸುವುದೂ ಉಂಟು. ಆಗ ಉತಾರ ತೆಗೆಸುತ್ತೇವೆ, ಬೋಜಾ ಇದೆಯೇ ನೋಡುತ್ತೇವೆ, ವಕೀಲರಿಗೆ ಕಾಗದ ತೋರಿಸುತ್ತೇವೆ. ಲಿಫ್ಟನ್ನು ಮಾತ್ರ ಒಮ್ಮೆ ಹತ್ತಿ ಇಳಿದು "ಛಲೋ ನಡೀತದ" ಎಂದು ಬಿಡುತ್ತೇವೆ. ನಡೆಯುವ ಲಿಫ್ಟೆಲ್ಲ ಸುರಕ್ಷಿತ ಲಿಫ್ಟಲ್ಲ. ಮೊಣಕಾಲು ನೋವಿನ ಹಿರಿಯರು, ಚಿಕ್ಕ ಮಕ್ಕಳು ದಿನವೂ ಹತ್ತುವುದು ಅದನ್ನೇ.

ಕಾನೂನು ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ ಲಿಫ್ಟ್ ಮತ್ತು ಎಸ್ಕಲೇಟರುಗಳಿಗೆ 2012ರ ಪ್ರತ್ಯೇಕ ಕಾಯ್ದೆ ಇದೆ. ಅದಕ್ಕೂ ಮೊದಲು 1974ರ ಲಿಫ್ಟ್ ಕಾಯ್ದೆ ಇತ್ತು. ಲಿಫ್ಟ್ ಕೂಡಿಸಲು ಅನುಮತಿ ಬೇಕು, ನಡೆಸಲು ಪರವಾನಗಿ ಬೇಕು. ಇದನ್ನು ಕೊಡುವುದು ಹೆಸ್ಕಾಂ ಅಲ್ಲ, ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಸೊಲ್ಲಾಪುರದಲ್ಲಿ ಕೊಳ್ಳುವವರಿಗೆ ಮಹಾರಾಷ್ಟ್ರದ 2017ರ ಕಾಯ್ದೆ ಅನ್ವಯಿಸುತ್ತದೆ.

ಪರವಾನಗಿ ಇದ್ದರೆ ಸಾಲದೇ ಎಂದು ಕೇಳಬಹುದು. ತಪಾಸಣೆಯ ದಿನ ಲಿಫ್ಟ್ ನಿಯಮದಂತೆ ಇತ್ತು ಎಂದಷ್ಟೇ ಪರವಾನಗಿ ಹೇಳುತ್ತದೆ. ಹಗ್ಗ ಇನ್ನೆಷ್ಟು ದಿನ ಬಾಳುತ್ತದೆ, ಯಾವ ಭಾಗ ಬದಲಿಸಬೇಕು, ಖರ್ಚೆಷ್ಟು ಎಂಬುದು ಅದರಲ್ಲಿ ಇರುವುದಿಲ್ಲ. ಕೊಳ್ಳುವವರಿಗೆ ಬೇಕಾದ ಮಾಹಿತಿ ಇದೇ.

ಸ್ವತಂತ್ರ ತಪಾಸಣೆ ಎಂದರೇನು?

ಆ ಲಿಫ್ಟನ್ನು ಮಾರಿದವರಲ್ಲ, ಈಗ ನಿರ್ವಹಣೆ ಮಾಡುತ್ತಿರುವವರಲ್ಲ, ಮುಂದೆ ರಿಪೇರಿ ಕೆಲಸ ಸಿಗಲಿ ಎಂದು ಕಾಯುವವರೂ ಅಲ್ಲ. ಅಂಥ ತಜ್ಞ ಎಂಜಿನಿಯರರು ನೋಡಿ ಬರಹದಲ್ಲಿ ವರದಿ ಕೊಡುವುದು ಸ್ವತಂತ್ರ ತಪಾಸಣೆ. ಅವರ ಫೀಯನ್ನು ಕೊಳ್ಳುವವರೇ ಕೊಡಬೇಕು. ಮಾರುವವರು ಕೊಟ್ಟರೆ ವರದಿ ಅವರ ಕಡೆ ವಾಲಬಹುದು.

ವಿಜಯಪುರದಲ್ಲಿ ಒಂದು ಕಟ್ಟಡ ನೋಡಲು ಹೋದ ನಮ್ಮ ಬಳಗದ ಜೊತೆ ನಾನೂ ಇದ್ದೆ. ನಿರ್ವಹಣೆಯ ಹುಡುಗ "ಎಲ್ಲಾ ಓಕೆ" ಎಂದ. ಹೊರಗಿನಿಂದ ಬಂದ ಎಂಜಿನಿಯರರು ಮೇಲೆ ಹೋಗಿ ನೋಡಿದರೆ, ಲಿಫ್ಟ್ ವೇಗ ಮೀರಿದಾಗ ಹಿಡಿಯಬೇಕಾದ ಗವರ್ನರನ್ನು ತಂತಿಯಿಂದ ಕಟ್ಟಿಟ್ಟಿದ್ದರು. ಮಾರುವವರಿಗೂ ಅದು ಗೊತ್ತಿರಲಿಲ್ಲ. ದುರಸ್ತಿಯ ಖರ್ಚು ಕಳೆದು ದರ ಮಾತಾಡಿದೆವು.

ಏನೇನು ನೋಡಿಸಬೇಕು?

1. ಬಾಗಿಲು: ಲಿಫ್ಟ್ ಬಂದು ನಿಲ್ಲದೆ ಮಹಡಿಯ ಬಾಗಿಲು ತೆರೆಯಬಾರದು. ಬಾಗಿಲು ತೆರೆದಿದ್ದರೆ ಲಿಫ್ಟ್ ಚಲಿಸಬಾರದು. ಈ ಬೀಗ ಕೆಟ್ಟಿದ್ದರೆ ಲಿಫ್ಟ್ ಬಂದಿದೆ ಎಂದು ಕಾಲಿಟ್ಟವರು ನೇರ ಗುಂಡಿಗೆ ಬೀಳುತ್ತಾರೆ. ಪ್ರತಿ ಮಹಡಿಯಲ್ಲೂ ಪರೀಕ್ಷಿಸಬೇಕು.

2. ಹಗ್ಗ ಮತ್ತು ಗಾಲಿ: ಉಕ್ಕಿನ ಹಗ್ಗದ ಎಳೆ ಮುರಿದಿವೆಯೇ, ತುಕ್ಕು ಹಿಡಿದಿದೆಯೇ, ಹಗ್ಗ ತೆಳುವಾಗಿದೆಯೇ, ಗಾಲಿಯ ಗಾಡಿ ಸವೆದಿದೆಯೇ ನೋಡಬೇಕು.

3. ಗವರ್ನರ್ ಮತ್ತು ಸುರಕ್ಷಾ ಹಿಡಿತ: 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ತಾವು ನಿಂತಿದ್ದ ಲಿಫ್ಟಿನ ಹಗ್ಗವನ್ನೇ ಕಡಿಸಿ, ಲಿಫ್ಟ್ ಬೀಳದೆ ನಿಲ್ಲುವುದನ್ನು ತೋರಿಸಿದರು. ಜನ ಲಿಫ್ಟನ್ನು ನಂಬಲು ಇಂಥ ಹಿಡಿತವೇ ಕಾರಣ. ಇಂದಿನ ಲಿಫ್ಟಿನಲ್ಲಿ ಅದು ಕೆಲಸ ಮಾಡುತ್ತದೆಯೇ ಎಂದು ನಡೆಸಿಯೇ ನೋಡಬೇಕು.

4. ತೂಕ: ನಮ್ಮಲ್ಲಿ ಒಬ್ಬರಿಗೆ 68 ಕಿಲೋ ಲೆಕ್ಕ. 6 ಜನರ ಲಿಫ್ಟ್ ಎಂದರೆ 408 ಕಿಲೋ. ಹೆಚ್ಚು ಭಾರಕ್ಕೆ ಗಂಟೆ ಬಾರಿಸಿ ನಿಲ್ಲಬೇಕು. ಜನರ ಲಿಫ್ಟಿನಲ್ಲಿ ಅಂಗಡಿಯ ಗಂಟು, ಮೂಟೆ ಸಾಗಿಸುತ್ತಿದ್ದರೆ ಸವಕಳಿ ಹೆಚ್ಚಿರುತ್ತದೆ.

5. ಕೆಳಗಿನ ಗುಂಡಿ: ಮಳೆಗಾಲದ ನೀರು ನಿಂತ ಗುರುತು, ತುಕ್ಕು ಹಿಡಿದ ಬಫರ್ ಇದ್ದರೆ ಎಚ್ಚರ.

6. ಕರೆಂಟ್ ಹೋದಾಗ: ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ವ್ಯವಸ್ಥೆ ಇದೆಯೇ? ಮೇನ್ ಸ್ವಿಚ್ ತೆಗೆಸಿ ನೋಡಿ. ಒಳಗಿನ ಗಂಟೆ, ದೀಪವನ್ನೂ ನೋಡಿ.

7. ಕಂಟ್ರೋಲರ್: ಹಳೆಯ ಮಾದರಿಯಾದರೆ ಬಿಡಿಭಾಗ ಸಿಗುತ್ತವೆಯೇ? ಬೇರೆ ಕಂಪನಿಯವರೂ ರಿಪೇರಿ ಮಾಡಬಹುದೇ? ಇಲ್ಲವಾದರೆ ಅವರು ಹೇಳಿದ್ದೇ ದರ.

ವ್ಯಾಪಾರಿ ಸಂಕೀರ್ಣದಲ್ಲಿ ಎಸ್ಕಲೇಟರ್ ಇದ್ದರೆ ಮೆಟ್ಟಿಲು ಮತ್ತು ಪಕ್ಕದ ತಗಡಿನ ನಡುವಿನ ಸಂದು, ತುದಿಯ ಬಾಚಣಿಗೆ ಹಲ್ಲು, ತುರ್ತು ನಿಲುಗಡೆ ಗುಂಡಿ, ಮೆಟ್ಟಿಲಿನ ವೇಗಕ್ಕೇ ಓಡುವ ಕೈಪಟ್ಟಿ ಇವನ್ನು ನೋಡಿಸಬೇಕು. ಸೀರೆಯ ಸೆರಗು, ಮಕ್ಕಳ ಚಪ್ಪಲಿ ಸಿಕ್ಕಿಕೊಳ್ಳುವುದು ಆ ಸಂದಿನಲ್ಲೇ.

ಕಾಗದಪತ್ರ ಮತ್ತು ವ್ಯವಹಾರ

ಪರವಾನಗಿ, ಹಿಂದಿನ ತಪಾಸಣಾ ವರದಿ, ನಿರ್ವಹಣೆಯ ಕರಾರು, ರಿಪೇರಿ ಪುಸ್ತಕ ಕೇಳಿ ಪಡೆಯಿರಿ. ಒಂದೇ ದೋಷ ಮತ್ತೆ ಮತ್ತೆ ಬರೆದಿದ್ದರೆ ಕಾರಣ ಕೇಳಿ. ಪರವಾನಗಿಯ ಹೆಸರು ಬದಲಾವಣೆಯ ಬಗ್ಗೆ ಪರಿವೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಸಾಧ್ಯವಾದರೆ ಇಸಾರ ಕೊಡುವ ಮೊದಲೇ ತಪಾಸಣೆ ಮುಗಿಸಿ. ಆಗದಿದ್ದರೆ "ವರದಿಯಲ್ಲಿ ಬಂದ ದೋಷವನ್ನು ಮಾರುವವರು ಸರಿಪಡಿಸಬೇಕು ಅಥವಾ ಖರ್ಚನ್ನು ದರದಲ್ಲಿ ಕಳೆಯಬೇಕು" ಎಂದು ಕರಾರು ಪತ್ರದಲ್ಲಿ ಬರೆಸಿ. ಖರೀದಿ ಪತ್ರ ನೋಂದಣಿಯಾದ ಮೇಲೆ ಲಿಫ್ಟಿನ ಹೊಣೆ ಮಾಲೀಕರಾದ ನಿಮ್ಮದು. ತಪಾಸಣೆಯ ದಿನ ನಿರ್ವಹಣೆಯ ಮೆಕ್ಯಾನಿಕ್ ಹಾಜರಿರಲಿ. ನೀವಾಗಿ ಲಿಫ್ಟಿನ ಮೇಲಾಗಲಿ ಗುಂಡಿಗಾಗಲಿ ಇಳಿಯಬೇಡಿ.

ಸಮಾಜದ ಹಣದಿಂದ ಕೊಳ್ಳುವ ಟ್ರಸ್ಟಿಗಳು ಈ ವರದಿಯನ್ನು ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಸೇರಿಸುವುದು ಒಳ್ಳೆಯದು. ದಾನಿಗಳಿಗೆ ಲೆಕ್ಕ ಸ್ಪಷ್ಟವಾಗುತ್ತದೆ, ಮುಂದೆ ಬರುವ ಸಮಿತಿಗೂ ಯಾವ ಭಾಗ ಯಾವಾಗ ಬದಲಿಸಬೇಕು ಎಂಬುದು ಕೈಯಲ್ಲಿರುತ್ತದೆ.