ವ್ಯಾಟ್ ಕೇಳಬೇಡಿ, ಹಾಡು ಹಾಕಿಸಿ

ಈ ಸಲ ಒಣದ್ರಾಕ್ಷಿ ಮಾರಿದ ದುಡ್ಡು ಕೈಗೆ ಬಂದಾಗ ತಿಕೋಟಾದ ನಮ್ಮ ಮನೆಯಲ್ಲಿ ಹಾಡಿನ ಪೆಟ್ಟಿಗೆಯ ಮಾತು ಎದ್ದಿತು. ಮಗನಿಗೆ ದೊಡ್ಡ ಸ್ಪೀಕರ್ ಬೇಕು. ಅತ್ತೆಯವರಿಗೆ ಬೇಕಾದದ್ದು ಒಂದೇ, ತೀರಿಹೋದ ಮಾವನವರ ಭಜನೆ. ಅವರು ಹಾಡಿದ್ದನ್ನು ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಲ್ಲಿ ತುಂಬಿದ್ದರು. ಟೇಪು ಹರಿಯುವ ಮೊದಲೇ ಪೆನ್ ಡ್ರೈವಿಗೆ ಹಾಕಿಸಿಟ್ಟಿದ್ದೆವು. ಮೊಬೈಲಿನಲ್ಲಿ ಕೇಳಿಸಿದರೆ ಅತ್ತೆಯವರು, "ಇದು ಅವರ ದನಿ ಅಲ್ಲ, ತಗಡು ಬಡದಂಗ ಆಗ್ತೈತಿ" ಎಂದು ಎದ್ದು ಹೋಗುತ್ತಿದ್ದರು.

ಅವರನ್ನೂ ಕರಕೊಂಡೇ ವಿಜಯಪುರದ ಅಂಗಡಿಗೆ ಹೋದೆವು. ಅಂಗಡಿಯವನು ಮೊದಲು ತೋರಿಸಿದ್ದು ರಟ್ಟಿನ ಡಬ್ಬಿಯ ಮೇಲಿನ ಅಂಕಿ. "ಐದು ಸಾವಿರ ವ್ಯಾಟ್ ಐತ್ರೀ ಅಕ್ಕಾರ!"

ಸೋದರಿಯರೇ, ಅಂಥ ಅಂಕಿಯ ಪಕ್ಕದಲ್ಲಿ ಸಣ್ಣಗೆ ‘ಪಿ.ಎಂ.ಪಿ.ಒ.’ ಎಂದಿರುತ್ತದೆ, ನೋಡಿ. ಕ್ಷಣಮಾತ್ರ ಹೊಮ್ಮಬಹುದಾದ ಶಕ್ತಿಯ ಲೆಕ್ಕವಂತೆ ಅದು. ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಪದ್ಧತಿಯೇ ಇಲ್ಲ. ಎಡೆಬಿಡದೆ ನುಡಿಯುವ ಶಕ್ತಿಯನ್ನು ಹೇಳುವುದು ‘ಆರ್.ಎಂ.ಎಸ್.’ ಅಂಕಿ. ಅದು ಬಹಳ ಚಿಕ್ಕದು. ವ್ಯಾಟ್ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ತುಸು ಹೆಚ್ಚೆನಿಸುವಷ್ಟು. ಪಡಸಾಲೆಯಲ್ಲಿ ಕೂತು ಹಿತವಾಗಿ ಕೇಳಲು ಒಂದೆರಡು ವ್ಯಾಟ್ ಸಾಕಾಗುತ್ತದೆ. 20,000 ಹರ್ಟ್ಸ್‌ವರೆಗೆ ನುಡಿಯುತ್ತದೆ ಎಂದೂ ಬರೆದಿರುತ್ತಾರೆ. ಅಷ್ಟು ಮೇಲಿನ ಸ್ವರ ನಲವತ್ತು ದಾಟಿದ ನಮ್ಮಂಥವರ ಕಿವಿಗೆ ಬೀಳುವುದೇ ಇಲ್ಲ!

ಸದ್ದು ಹೆಚ್ಚಿದರೆ ಮಾತು ತಿಳಿಯುವಂತಿದ್ದರೆ ನಮ್ಮ ಗೋಳಗುಮ್ಮಟದಲ್ಲಿ ಎಲ್ಲವೂ ತಿಳಿಯಬೇಕಿತ್ತು. ಅಲ್ಲಿ ಶಾಲೆಯ ಮಕ್ಕಳು ಒಟ್ಟಿಗೆ ಕೂಗಿದಾಗ ಬರೀ ಗದ್ದಲ. ಅವರು ಇಳಿದು ಹೋದ ಮೇಲೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ.

ಅಂಗಡಿಯವನು ಸಿನಿಮಾ ಹಾಡು ಹಾಕಿದ. ಗಾಜು ನಡುಗಿತು, ಮಗನ ಮುಖ ಅರಳಿತು. ನಾನು ನಮ್ಮ ಪೆನ್ ಡ್ರೈವ್ ಕೊಟ್ಟೆ. ಅತ್ತೆಯವರು ಸ್ವಲ್ಪ ಹೊತ್ತು ಕೇಳಿ, "ಡಗ್ಗಾ ಒಂದ ಕೇಳಸ್ತೈತಿ. ಮನಷ್ಯಾ ಎಲ್ಲಿ?" ಅಂದರು.

ಮೂಲೆಯಲ್ಲಿ ಅದರ ಅರ್ಧದಷ್ಟಿನ ಜೋಡಿ ಪೆಟ್ಟಿಗೆ ಇದ್ದವು, ಬೆಲೆಯೂ ಕಡಿಮೆ. ಬಾಸ್ ಗುಂಡಿ ಇಳಿಸಿ, ಮೊದಲಿನಷ್ಟೇ ಸದ್ದಿಗೆ ಇಡಪ್ಪಾ ಎಂದೆ. (ಎರಡರಲ್ಲಿ ಜೋರಾಗಿದ್ದದ್ದೇ ಚೆಂದ ಅನ್ನಿಸುತ್ತದೆ, ಮೋಸ ಹೋಗಬೇಡಿ.) ಮೊದಲು ಗಂಗೂಬಾಯಿ ಹಾನಗಲ್ ಅವರ ಹಾಡು ಹಾಕಿಸಿದೆ. ಅವರದು ಗಂಡಸಿನಂಥ ಗಟ್ಟಿ, ತಗ್ಗಿನ ದನಿ. ಕೆಟ್ಟ ಪೆಟ್ಟಿಗೆಯಲ್ಲಿ ಕೊಡದೊಳಗಿನಿಂದ ಬಂದಂತಿರುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಿಂದಿನ ತಂಬೂರಿ ಬೇರೆ, ತಬಲಾ ಬೇರೆ ಕೇಳಿತು. ‘ಸ’ಕಾರ ಕಿವಿ ಚುಚ್ಚಲಿಲ್ಲ.

ಆಮೇಲೆ ಭಜನೆ. ಅತ್ತೆಯವರು ಸ್ಟೂಲಿನ ಮೇಲೆ ಕೂತರು. ಎರಡನೇ ನುಡಿ ಮುಗಿಯುವಾಗ ನನ್ನ ಕೈ ಹಿಡಿದು, "ತಡಿ, ಇಲ್ಲಿ ಕೆಮ್ಮತಾರ ನೋಡು" ಅಂದರು. ಮಾವನವರು ಸಣ್ಣಗೆ ಕೆಮ್ಮಿ, ಉಸಿರು ಎಳೆದುಕೊಂಡು, ಮುಂದಿನ ಸಾಲು ಎತ್ತಿದರು. ಇವರು ಏನೂ ಹೇಳದೆ ದುಡ್ಡು ಎಣಿಸಿಕೊಟ್ಟರು.

ಮನೆಗೆ ತಂದು ಮೂಲೆಯಲ್ಲಿಟ್ಟಾಗ ಮತ್ತೆ ಗುಂಯ್ ಎಂದಿತು. ಮೂಲೆ ಬಿಡಿಸಿ, ಗೋಡೆಯಿಂದ ಎರಡಡಿ ಈಚೆಗೆ, ಕೂತವರ ಕಿವಿಯ ಮಟ್ಟಕ್ಕೆ ಇಟ್ಟ ಮೇಲೆ ಸರಿಹೋಯಿತು. ಇದಕ್ಕೆ ಖರ್ಚಿಲ್ಲ, ಈಗಾಗಲೇ ಪೆಟ್ಟಿಗೆ ಕೊಂಡವರೂ ಮಾಡಿ ನೋಡಬಹುದು.

ಗೆಳೆಯನ ಮನೆಯ ಸ್ಪೀಕರ್ ದೊಡ್ಡದು ಎಂದು ಮಗ ಇನ್ನೂ ಗೊಣಗುತ್ತಾನೆ. ಅತ್ತೆಯವರು ಮಾತ್ರ ದಿನಾ ಸಂಜೆ ದೀಪ ಹಚ್ಚಿದ ಮೇಲೆ ತಾವೇ ಗುಂಡಿ ಒತ್ತುತ್ತಾರೆ.